ನ್ಯಾಮತಿಗೆ ಎರಡು ಬಾಗಿಲ ಬಂಡಿ

ಎರಡೇ ಬಾಗಿಲುಳ್ಳ ಮೋಟಾರು ಬಂಡಿಯೊಂದನ್ನು ನಾವು ಕೊಂಡೆವೆಂಬ ಸುದ್ದಿ ನಮಗಿಂತ ಮೊದಲೇ ನ್ಯಾಮತಿಯನ್ನು ಮುಟ್ಟಿತ್ತು. ನಮ್ಮ ತಾಯಿಯವರು ದೂರವಾಣಿಯಲ್ಲಿ ಕುಶಲ ವಿಚಾರಿಸಿದ ಮೇಲೆ ಕೇಳಿದ ಮೊದಲ ಪ್ರಶ್ನೆ ಇದು: “ಉಳಿದೆರಡು ಬಾಗ್ಲು ಯಾವಾಗ ಕೊಡ್ತಾರಂತೆ?”

ಅವರಿಗೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಈ ಜಾತಿಯ ಬಂಡಿಗೆ ಕೂಪೆ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಆ ಮಾತಿಗೆ ‘ಕತ್ತರಿಸಿದ್ದು’ ಎಂದರ್ಥ. ಕುದುರೆ ಸಾರೋಟಿನ ಕಾಲದಲ್ಲಿ ಎದುರು ಬದುರಾಗಿ ನಾಲ್ವರು ಕೂಡುವ ಗಾಡಿಯ ಒಂದು ಭಾಗವನ್ನು ಕತ್ತರಿಸಿ ತೆಗೆದು, ಇಬ್ಬರಿಗೆ ಮಾತ್ರ ಆಸನವುಳ್ಳ ಗಾಡಿಯನ್ನು ಮಾಡಿದರು. ಹೆಸರು ಮೋಟಾರಿಗೂ ಬಂದಿತು. ನಾವು ಕೊಂಡದ್ದು ಮರ್ಸಿಡಿಸ್ ಸಂಸ್ಥೆಯ ಎಎಂಜಿ ಸಿ 43 ಕೂಪೆ; 2019ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು. ನಮ್ಮ ಕೈಗೆ ಬರುವ ಹೊತ್ತಿಗೆ ಅದು ಒಬ್ಬ ಯಜಮಾನನನ್ನು ಕಂಡಿತ್ತು. ಆದರೂ ಹೊಸತರಂತೆಯೇ ಹೊಳೆಯುತ್ತಿತ್ತು. ಮೂರು ಲೀಟರಿನ ಆರು ಸಿಲಿಂಡರುಗಳ ಪೆಟ್ರೋಲ್ ಯಂತ್ರ, ಒಂಬತ್ತು ಗೇರು, 390 ಕುದುರೆಗಳ ಬಲ. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಐದು ಸೆಕೆಂಡಿನೊಳಗೆ ಮುಟ್ಟುವುದೆಂದು ಅದರ ಖ್ಯಾತಿ. ಇಷ್ಟನ್ನೂ ಅವ್ವನಿಗೆ ಹೇಳಿದಾಗ, “ಅಷ್ಟು ಕುದುರೆಗೆ ಹುರುಳಿ ಯಾರು ಹಾಕೋರು?” ಎಂದಷ್ಟೇ ಅಂದರು. ಈ ಪ್ರಶ್ನೆಯ ಹಿಂದೆ ಇನ್ನೊಂದು ಇತ್ತೆಂಬುದು ನಮಗೆ ತಿಳಿಯದ ವಿಷಯವಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಫೆಬ್ರವರಿ ತಿಂಗಳ ಒಂದು ಬೆಳಗಿನ ಜಾವ ನಾವೂ ನಮ್ಮ ಮನೆಯವರೂ ಬೆಂಗಳೂರನ್ನು ಬಿಟ್ಟೆವು. ನಾಲ್ವರು ಕೂಡಬಹುದೆಂದು ಕಾಗದದಲ್ಲಿ ಬರೆದಿದ್ದರೂ, ಹಿಂದಿನ ಆಸನಕ್ಕೆ ಹೋಗಬೇಕಾದವರು ಮುಂದಿನ ಆಸನವನ್ನು ಮಡಿಸಿ, ತಲೆ ತಗ್ಗಿಸಿ, ಗವಿಯನ್ನು ಹೊಕ್ಕಂತೆ ಹೊಗಬೇಕು. ಆದುದರಿಂದ ಅಲ್ಲಿ ನಮ್ಮ ಚೀಲಗಳೂ ಅವ್ವನಿಗೆಂದು ಕೊಂಡ ಒಂದು ಜಮಖಾನೆಯೂ ಪ್ರಯಾಣ ಮಾಡಿದವು. ಕುಳಿತೊಡನೆ ನಡೆದ ಒಂದು ಉಪಚಾರ ನಮ್ಮನ್ನು ಬೆರಗುಗೊಳಿಸಿತು: ಬಾಗಿಲು ಉದ್ದವಾಗಿರುವುದರಿಂದ ಸೊಂಟಪಟ್ಟಿ ಬಹಳ ಹಿಂದೆ ಉಳಿಯುತ್ತದೆ, ಕೈ ಹೊರಳಿಸುವ ಶ್ರಮ ಬೇಡವೆಂದು ಒಂದು ಸಣ್ಣ ತೋಳು ತಾನೇ ಮುಂದಕ್ಕೆ ಚಾಚಿ ಪಟ್ಟಿಯನ್ನು ಕೈಗೆ ಕೊಡುತ್ತದೆ. ಮದುವೆಯ ಮನೆಯಲ್ಲಿ ತಾಂಬೂಲ ಕೊಡುವವರ ವಿನಯ ಅದರಲ್ಲಿತ್ತು.

ತುಮಕೂರು, ಶಿರಾ, ಹಿರಿಯೂರು ಕಳೆದು ಚಿತ್ರದುರ್ಗದವರೆಗಿನ ಹೆದ್ದಾರಿಯಲ್ಲಿ ನಮಗೆ ಆದ ಸಂತೋಷವನ್ನು ಮುಚ್ಚಿಡುವುದು ಸರಿಯಲ್ಲ. ಆಸನವು ಬೆನ್ನನ್ನು ಎರಡು ಕೈಗಳಿಂದ ಹಿಡಿದಂತೆ ಹಿಡಿದಿತ್ತು. ಕಾಲ ಬೆರಳನ್ನು ಕೊಂಚ ಒತ್ತಿದರೆ ಮುಂದಿನ ಲಾರಿ ಹಿಂದಿನ ಲಾರಿಯಾಗುತ್ತಿತ್ತು. ಯಂತ್ರದ ಧ್ವನಿ ಕೂಗಲ್ಲ. ಮಂದ್ರದಲ್ಲಿ ಎಳೆದ ತಂಬೂರಿಯಂತೆ ಒಳಗೊಳಗೇ ಮಿಡಿಯುವುದು. ತಿರುವಿನಲ್ಲಿ ಮೈ ವಾಲುವುದನ್ನು ಕಾದು ಕುಳಿತರೂ ಬಂಡಿ ವಾಲಲಿಲ್ಲ. ಐವತ್ತರ ವಯಸ್ಸನ್ನು ದಾಟಿದ ನಾವು ಹಿರಿಯೂರಿನ ಹತ್ತಿರ ಕಾರಣವಿಲ್ಲದೆ ನಕ್ಕೆವೆಂದು ನಮ್ಮ ಮನೆಯವರು ಈಗಲೂ ಹೇಳುತ್ತಾರೆ. ಗಂಟೆಗೆ 250 ಕಿಲೋಮೀಟರ್ ಓಡಬಲ್ಲ ಈ ಪ್ರಾಣಿಗೆ ಇಂಥ ಹೆದ್ದಾರಿಯಲ್ಲಿ 2018ರ ಕೇಂದ್ರ ಅಧಿಸೂಚನೆ ಕೊಟ್ಟಿರುವ ಗರಿಷ್ಠ ಮಿತಿ 100. ಅಂದರೆ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನಾವು ಎಂದೂ ಬಳಸುವಂತಿಲ್ಲ. ಈ ಲೆಕ್ಕವೂ ಆಗ ನಗುವನ್ನು ನಿಲ್ಲಿಸಲಿಲ್ಲ.

ಚಿತ್ರದುರ್ಗದಲ್ಲಿ ಎಡಕ್ಕೆ ಹೊರಳಿ ಹೊಳಲ್ಕೆರೆಯ ದಾರಿಯನ್ನು ಹಿಡಿದ ಮೇಲೆ ಲೋಕ ಬದಲಾಯಿತು. ಚನ್ನಗಿರಿಯ ಸೀಮೆಗೆ ಬರುತ್ತಲೂ ಎರಡು ಕಡೆಯೂ ಅಡಕೆಯ ತೋಟಗಳ ನೆರಳು, ಮನೆಗಳ ಮುಂದೆ ಒಣ ಹಾಕಿದ ಅಡಕೆ, ಬೇಯಿಸಿದ ಚೊಗರಿನ ವಾಸನೆ; ಮತ್ತು ಪ್ರತಿ ಹಳ್ಳಿಯ ತಲೆಯಲ್ಲೊಂದು ಬಾಲದಲ್ಲೊಂದು ಉಬ್ಬು. ರಸ್ತೆಯ ಉಬ್ಬಿಗೆ ನಮ್ಮ ದೇಶದಲ್ಲಿ ಶಾಸ್ತ್ರವಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ವಿಧಿಸಿದ ಪ್ರಕಾರ ಅದರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಆಮೆಯ ಬೆನ್ನಿನಂತೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯಬೇಕು. ಹಳ್ಳಿಯ ಉಬ್ಬನ್ನು ಶಾಸ್ತ್ರ ನೋಡಿ ಹಾಕುವುದಿಲ್ಲ. ಯಾರದೋ ಮಗುವಿಗೆ ಬಡಿದ ಮರುದಿನ ಹಾಕುತ್ತಾರೆ. ಅದು ಗೋಡೆಯಂತೆ ನಿಲ್ಲುತ್ತದೆ. ನಾಲ್ಕೈದು ಅಂಗುಲದ ಎತ್ತರದಲ್ಲಿ ಹೊಟ್ಟೆಯುಳ್ಳ ನಮ್ಮ ಬಂಡಿಯನ್ನು ಓರೆಯಾಗಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸಬೇಕಾಯಿತು. ಏಳನೆಯದರಲ್ಲಿಯೋ ಎಂಟನೆಯದರಲ್ಲಿಯೋ ನಾವು ಮೈಮರೆತೆವು. ಕೆಳಗಿನಿಂದ ಕೊಡಲಿಯನ್ನು ಕಲ್ಲಿಗೆ ಉಜ್ಜಿದಂಥ ಸದ್ದು ಬಂದಿತು. ತಪ್ಪು ನಮ್ಮದೇ. ಇಳಿದು ನೋಡಲು ಬಗ್ಗಿದಾಗ ನಮ್ಮ ಸುತ್ತ ಹತ್ತು ಮಂದಿ ಬಗ್ಗಿದರು.

ಇನ್ನೊಂದು ಕಡೆ ಹುರುಳಿಯ ಗಿಡವನ್ನು ರಸ್ತೆಯ ಅಗಲಕ್ಕೂ ಹಾಸಿದ್ದರು. ಓಡಾಡುವ ಬಂಡಿಗಳೇ ಒಕ್ಕಣೆ ಮಾಡಿಕೊಡಲಿ ಎಂಬ ಈ ಪದ್ಧತಿ ನಮ್ಮ ಬಯಲುಸೀಮೆಯಲ್ಲಿ ಹೊಸತಲ್ಲ. ಆದರೆ ತಗ್ಗಾದ ಬಂಡಿಗೆ ಅದು ಅಪಾಯದ ಸಂಗತಿ: ಒಣ ದಂಟು ಕೆಳಗೆ ಸುತ್ತಿಕೊಂಡು ಹೊಗೆಕೊಳವೆಯ ಕಾವಿಗೆ ಬೆಂಕಿ ಹತ್ತಬಹುದು. ನಾವು ನಿಲ್ಲಿಸಿ, ಸ್ವಲ್ಪ ಸರಿಸಿಕೊಡಿರೆಂದು ಬೇಡಿದೆವು. ಯಜಮಾನರು ಕೊಕ್ಕೆಗೋಲಿನಿಂದ ಸಾವಕಾಶವಾಗಿ ಸರಿಸುತ್ತ ಬಂಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿ, “ಇದು ತುಳಿದ್ರೂ ಕಾಳು ಬಿಡಲ್ಲ ಬಿಡ್ರಿ, ಲಾರಿನೇ ಬರಬೇಕು” ಎಂದರು. ನಮ್ಮ 390 ಕುದುರೆಗಳ ವಿಷಯದಲ್ಲಿ ಆ ದಿವಸ ನಾವು ಕೇಳಿದ ಮೊದಲ ನಿಷ್ಪಕ್ಷಪಾತ ಅಭಿಪ್ರಾಯವದು.

ಸೂಳೆಕೆರೆಯನ್ನು ದೂರದಿಂದ ನೋಡಿ ಮುಂದುವರಿದೆವು. ಅದನ್ನು ಕುರಿತು ಬರೆಯಹೊರಟರೆ ಈ ಪತ್ರಿಕೆಯ ಪುಟಗಳು ಸಾಲವು. ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆಯನ್ನು ದಾಟುವಾಗ ನೀರು ಬಂಡೆಗಳ ನಡುವೆ ತೆಳುವಾಗಿತ್ತು. ಹೊನ್ನಾಳಿ ಸೀಮೆಯ ಮಣ್ಣಿನಲ್ಲಿ ಹೊನ್ನಿನ ಅಂಶವಿರುವುದು ನಿಜ. ಪಾಲವನಹಳ್ಳಿ, ಕುದುರೆಕೊಂಡಗಳ ಕಡೆ ಹಿಂದೆ ಚಿನ್ನಕ್ಕಾಗಿ ಗಣಿಗಳನ್ನು ತೋಡಿದ್ದರು. ಆದರೆ ನ್ಯಾಮತಿಯ ಭಾಗ್ಯ ನೆಲದೊಳಗಿನದಲ್ಲ, ನೆಲದ ಮೇಲಿನದು. ಮಲೆನಾಡಿನ ಅಡಕೆ ಇಳಿಯುವ ದಾರಿಯೂ ಬಯಲುಸೀಮೆಯ ಧಾನ್ಯ ಏರುವ ದಾರಿಯೂ ಕೂಡುವ ಪೇಟೆ ಅದು. ಊರು ಇದ್ದಲ್ಲಿಂದ ಕದಲದಿದ್ದರೂ ವಿಳಾಸ ಮಾತ್ರ ತಿರುಗಾಡಿದೆ: 1997ರವರೆಗೆ ಶಿವಮೊಗ್ಗ ಜಿಲ್ಲೆ, ಆಮೇಲೆ ದಾವಣಗೆರೆ ಜಿಲ್ಲೆ, 2018ರವರೆಗೆ ಹೊನ್ನಾಳಿ ತಾಲ್ಲೂಕು, ಆಮೇಲೆ ತನ್ನದೇ ತಾಲ್ಲೂಕು. ನಮ್ಮ ತಂದೆಯವರ ಅಂಗಡಿಯ ಹಳೆಯ ರಸೀದಿ ಪುಸ್ತಕಗಳಲ್ಲಿ ‘ಶಿವಮೊಗ್ಗ ಜಿಲ್ಲೆ’ ಎಂದು ಅಚ್ಚಾಗಿದ್ದುದನ್ನು ಕೊನೆಯ ಹಾಳೆ ಮುಗಿಯುವವರೆಗೂ ಅವರು ಹೊಡೆದು ತಿದ್ದಲಿಲ್ಲ.

ಆ ಅಂಗಡಿಯ ಮಾತನ್ನು ಇನ್ನು ಮುಂದೂಡುವಂತಿಲ್ಲ. ಪೇಟೆಯ ಬೀದಿಯಲ್ಲಿ ಎರಡು ಬಾಗಿಲಿನ ಧಾನ್ಯದ ಅಂಗಡಿ. ತಂದೆಯವರು ಹೋದ ಮೇಲೆ ಏಳು ವರ್ಷ ಬೀಗ ಹಾಕಿತ್ತು. ನಾವು ಅಣ್ಣತಮ್ಮಂದಿರು ಮೂವರಲ್ಲಿ ಒಬ್ಬನೂ ಊರಿನಲ್ಲಿಲ್ಲ. ಹಿಂದಿನ ವರ್ಷ ಮಾರಿದೆವು. ಅವ್ವ ಎರಡು ಮಾತಾಡದೆ ರುಜು ಹಾಕಿದರು. ನಮ್ಮ ಪಾಲಿಗೆ ಬಂದ ಹಣಕ್ಕೆ ಸಾಲವನ್ನು ಕೂಡಿಸಿ ಈ ಬಂಡಿಯನ್ನು ಕೊಂಡೆವು. ಇದನ್ನು ನಾವು ಅವ್ವನಿಗೆ ಹೇಳಿರಲಿಲ್ಲ. ಕೇಳುವರೆಂಬ ಅಂಜಿಕೆ ಬೆಂಗಳೂರಿನಿಂದಲೂ ಜತೆಗೇ ಬಂದಿತ್ತು.

ಮನೆಯ ಓಣಿ ಕಿರಿದು. ಉದ್ದದ ಬಾಗಿಲು ತೆರೆಯಲು ಪಕ್ಕದಲ್ಲಿ ಮೂರಡಿ ಜಾಗ ಬೇಕು. ಆದ್ದರಿಂದ ಪೇಟೆಯ ಬೀದಿಯಲ್ಲಿ, ಬೇರೆ ಎಡೆ ಸಿಗದೆ, ಆ ಅಂಗಡಿಯ ಮುಂದೆಯೇ ನಿಲ್ಲಿಸಬೇಕಾಯಿತು. ಈಗ ಅಲ್ಲಿ ಮೊಬೈಲ್ ಫೋನು ಮಾರುತ್ತಾರೆ. ಹೊಸಿಲು ಮಾತ್ರ ಹಳೆಯದು, ಮೂಟೆಗಳನ್ನು ಎಳೆದೆಳೆದು ನಡುವೆ ಸವೆದದ್ದು. ಅವ್ವ ಕೋಲೂರಿಕೊಂಡು ಬೀದಿಗೆ ಬಂದರು. ಎಂಬತ್ತೊಂದು ವರ್ಷ, ಮಂಡಿ ಬಗ್ಗುವುದಿಲ್ಲ. ಬಂಡಿಯನ್ನು ನೋಡಿದರು, ಅಂಗಡಿಯನ್ನು ನೋಡಿದರು.

“ಅಂದ್ರೆ ಈಗ ಅಂಗಡಿ ಇದೇನಾ?”

ನಾವು ಹೌದೆಂದೆವು. ಅಷ್ಟು ದಿನ ಹೇಳಲಾರದ್ದನ್ನು ಒಂದು ಮಾತಿನಲ್ಲಿ ಹೇಳಿಯಾಯಿತು. ಅವರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು, “ಇನ್ನೂ ಬಿಸಿ ಐತೆ” ಎಂದು ಒಳಗೆ ಹೋದರು.

ರಾತ್ರಿ ಊಟಕ್ಕೆ ಕುಳಿತಾಗ ಈ ಬಂಡಿಯನ್ನು ಮೊದಲು ಮಾಡಿದವರಾರೆಂದು ತಾವಾಗಿಯೇ ಕೇಳಿದರು. ನಮ್ಮ ಮನೆಯವರು ಹೇಳಿದರು. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಝ್ ಎಂಬಾತ ಮೂರು ಚಕ್ರದ ಮೋಟಾರಿಗೆ ಹಕ್ಕುಪತ್ರ ಪಡೆದ. ಕೊಳ್ಳಲು ಜನ ಹಿಂಜರಿಯುತ್ತಿದ್ದರು. 1888ರ ಆಗಸ್ಟ್ ತಿಂಗಳಲ್ಲಿ ಅವನ ಹೆಂಡತಿ ಬರ್ತಾ, ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮಾನ್‌ಹೈಮ್‌ನಿಂದ ನೂರು ಕಿಲೋಮೀಟರಿಗೂ ದೂರದ ಫೋರ್ಟ್ಸ್‌ಹೈಮ್‌ಗೆ, ತನ್ನ ತಾಯಿಯ ಊರಿಗೆ, ಅದನ್ನು ನಡೆಸಿಕೊಂಡು ಹೋದಳು. ದಾರಿಯಲ್ಲಿ ಎಣ್ಣೆ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ಕಟ್ಟಿದ ಕೊಳವೆಯನ್ನು ಟೋಪಿಯ ಸೂಜಿಯಿಂದ ಬಿಡಿಸಿದಳು. ಏರು ಬಂದಲ್ಲಿ ಮಕ್ಕಳು ಇಳಿದು ತಳ್ಳಿದರು. ಬಿರಿಗೆ ಚರ್ಮ ಹೊಡೆದುಕೊಟ್ಟವನು ಒಬ್ಬ ಚಮ್ಮಾರ. ಮದುವೆಗೆ ಮೊದಲೇ ತನ್ನ ಪಾಲಿನ ತವರಿನ ಹಣವನ್ನು ಆ ಕಾರ್ಖಾನೆಗೆ ಹಾಕಿದ್ದವಳೂ ಅವಳೇ.

ಅವ್ವ ಎಲ್ಲವನ್ನೂ ಕೇಳಿ, “ತಿಳಿದೋಳು. ಹಣ ಹಾಕಿ ಅಂಗಡಿ ಮಾಡಿದ್ಲು. ನೀನು ಅಂಗಡಿ ಹಾಕಿ ಬಂಡಿ ತಂದೆ” ಎಂದು ನಮಗೆ ಇನ್ನೊಂದು ರೊಟ್ಟಿಯನ್ನು ಬಡಿಸಿದರು. ನಾವು ತಿಂದೆವು. ಬೇರೆ ಉತ್ತರವಿರಲಿಲ್ಲ.

ಮರುದಿನ ತೀರ್ಥರಾಮೇಶ್ವರಕ್ಕೆ ಹೋಗುವುದೆಂದು ನಾವು ಎರಡು ವರ್ಷದಿಂದ ಮಾತು ಕೊಟ್ಟಿದ್ದೆವು. ಹಿಂದೆ ಸಿಂದ ಅರಸರು ಆಳಿದ ಬೆಳಗುತ್ತಿಯ ಹತ್ತಿರ, ಕಾಡಿನ ಗುಡ್ಡದಲ್ಲಿರುವ ಕ್ಷೇತ್ರವದು. ಅವ್ವ ಬರಲೊಪ್ಪುವರೆಂದು ನಾವು ನಂಬಿರಲಿಲ್ಲ. ಅವರು ಆಗಲೇ ಸೀರೆಯುಟ್ಟು ಹೊಸಿಲಿನಲ್ಲಿ ನಿಂತಿದ್ದರು. ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಆಸನದ ಮೇಲೆ ಹಾಕಿ ಎತ್ತರಿಸಿದೆವು. ಮೊದಲು ಬೆನ್ನು ತಿರುಗಿಸಿ ಕೂಡಿಸಿ, ಆಮೇಲೆ ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟೆವು. ಪಟ್ಟಿಯ ತೋಳು ಚಾಚಿದಾಗ ಅವರು ಬೆಚ್ಚಿ ಹಿಂದೆ ನೋಡಿ, “ಯಾರಪ್ಪಾ ಅದು?” ಎಂದರು. ಹಿಂದೆ ಇದ್ದವರು ಅವರ ಸೊಸೆ, ಮಂಡಿಗಳನ್ನು ಗಲ್ಲಕ್ಕೆ ತಾಗಿಸಿಕೊಂಡು.

ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನಂತೆ ಹೋದೆವು. ಸೇವಾಲಾಲ್ ಜಯಂತಿ ಹತ್ತಿರವಿದ್ದುದರಿಂದ ಸೂರಗೊಂಡನಕೊಪ್ಪಕ್ಕೆ ನಡೆದುಹೋಗುವ ಬಂಜಾರ ಮಾಲಾಧಾರಿಗಳು ರಸ್ತೆಯ ಅಂಚಿನಲ್ಲಿ ಸಾಲಾಗಿದ್ದರು; 1739ರಲ್ಲಿ ಸಂತ ಸೇವಾಲಾಲರು ಅಲ್ಲಿ ಹುಟ್ಟಿದರೆಂದು ಪ್ರತೀತಿ. ಎಷ್ಟೋ ಜಿಲ್ಲೆಗಳಿಂದ, ಕೆಲವರು ಬರಿಗಾಲಿನಲ್ಲಿ ಬರುತ್ತಾರೆ. ಅವರನ್ನು ದಾಟುವಾಗ ಯಂತ್ರದ ಧ್ವನಿ ನಮಗೆ ಮೊದಲ ಬಾರಿಗೆ ಹೆಚ್ಚೆನಿಸಿತು. ಅವ್ವ ಗಾಜನ್ನು ಇಳಿಸಿಸಿ ಒಬ್ಬೊಬ್ಬರಿಗೂ ಕೈ ಮುಗಿಯುತ್ತ ಹೋದರು. ತಗ್ಗಾದ ಆಸನದಿಂದ ಅವರಿಗೆ ನಡೆಯುವವರ ಮುಖ ಕಾಣುತ್ತಿರಲಿಲ್ಲವಂತೆ, ಕಾಲುಗಳು ಕಾಣುತ್ತಿದ್ದುವಂತೆ. ಅದನ್ನು ಅವರು ದೂರಾಗಿ ಹೇಳಲಿಲ್ಲ.

ಗುಡಿಯ ಹತ್ತಿರ ಇಳಿಯುವುದೇ ಕಷ್ಟವಾಯಿತು. ಕೂಡಿಸಲು ನಾವಿಬ್ಬರು ಸಾಕಾಗಿದ್ದೆವು, ಏಳಿಸಲು ಸಾಲಲಿಲ್ಲ. ಸೊಸೆ ಹಿಂದೆ ಸಿಕ್ಕಿಕೊಂಡಿದ್ದರು, ಮುಂದಿನ ಆಸನ ಮಡಿಸದೆ ಅವರು ಹೊರಗೆ ಬರುವಂತಿರಲಿಲ್ಲ. ನಾವೊಬ್ಬರೇ ಎಳೆಯಲು ಹೋದರೆ ಅವ್ವನ ತೋಳು ನೋಯುವುದು. ಅಷ್ಟರಲ್ಲಿ ದರ್ಶನ ಮುಗಿಸಿ ಬರುತ್ತಿದ್ದ ಇಬ್ಬರು ಹೆಂಗಸರು ಚೀಲಗಳನ್ನು ನೆಲಕ್ಕಿಟ್ಟು, “ಸರೀರಿ ಅಣ್ಣಾ” ಎಂದು ನಮ್ಮನ್ನು ಪಕ್ಕಕ್ಕೆ ಸರಿಸಿ, ಒಬ್ಬರು ಕಂಕುಳಲ್ಲಿ ಕೈಕೊಟ್ಟು ಒಬ್ಬರು ಸೊಂಟ ಹಿಡಿದು, ಕೊಡವನ್ನು ಬಾವಿಯ ಕಟ್ಟೆಗೆ ಎತ್ತಿಡುವಂತೆ ಎತ್ತಿ ನಿಲ್ಲಿಸಿದರು. ಅವ್ವ ಅವರ ಕೈಯನ್ನೇ ಹಿಡಿದು ತೀರ್ಥದವರೆಗೂ ನಡೆದರು. ಬೊಗಸೆಯಲ್ಲಿ ನೀರು ತೆಗೆದು ತಾವು ಕುಡಿದು, ಉಳಿದದ್ದನ್ನು ಹಿಂದಕ್ಕೆ ತಂದು ಬಂಡಿಯ ಮುಂದಿನ ಚಕ್ರಕ್ಕೆ ಚಿಮುಕಿಸಿದರು.

ಹಿಂದಿರುಗುವಾಗ ಅವ್ವನನ್ನು ಆಟೋರಿಕ್ಷಾದಲ್ಲಿ ಕೂಡಿಸೋಣವೆಂದು ನಾವು ಸೂಚಿಸಿದೆವು. “ಅಂಗಡಿ ಬಿಟ್ಟು ಆಟೋದಾಗ್ಯಾಕೆ?” ಎಂದರು. ಇದರಲ್ಲಿ ಕುಚೋದ್ಯವೆಷ್ಟು, ಅಭಿಮಾನವೆಷ್ಟು ಎಂಬುದನ್ನು ನಾವು ತೂಗಿ ನೋಡಲಿಲ್ಲ.

ರಾತ್ರಿ ಬೀದಿಯಲ್ಲಿ ಮಂಜು ಬೀಳತೊಡಗಿತು. ನಾವು ಮಲಗುವ ಹೊತ್ತಿಗೆ ಅವ್ವ ಅಟ್ಟದ ಕಡೆ ಕೋಲು ತೋರಿಸಿ, ಅಲ್ಲಿದ್ದ ಹಳೆಯ ತಾಡಪಾಲನ್ನು ಇಳಿಸಹೇಳಿದರು. ಮಳೆಗಾಲದಲ್ಲಿ ತಂದೆಯವರು ಅಂಗಡಿಯ ಮುಂದಿನ ಮೂಟೆಗಳಿಗೆ ಹೊದಿಸುತ್ತಿದ್ದದ್ದು. ಮಡಿಕೆಗಳಲ್ಲಿ ಇನ್ನೂ ಜೋಳದ ಹೊಟ್ಟಿತ್ತು. ಹೆಗಲ ಮೇಲೆ ಹೊತ್ತು ಪೇಟೆಯ ಬೀದಿಗೆ ಹೋಗಿ ಬಂಡಿಗೆ ಹೊದಿಸಿದೆವು. ಅದು ಮೂಟೆಗಳ ಅಳತೆಗೆ ಹೊಲಿಸಿದ್ದು. ಬಂಡಿಗೆ ಉದ್ದ ಸಾಲದೆ ಹಿಂದಿನ ಎರಡು ದೀಪಗಳು ಹೊರಗೇ ಉಳಿದವು. ನಾಲ್ಕು ಮೂಲೆಗೂ ಕಲ್ಲು ಹೇರಿ ಬಂದೆವು.