ಒಗೆಯುವ ಕಲ್ಲು

ನಾನು ಹಾನಗಲ್ಲ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಕನ್ನಡ ಅಧ್ಯಾಪಕನಾಗಿ ಸೇರಿ ಆಗ ಎರಡು ವರ್ಷಗಳಾಗಿದ್ದವು. ಹಾವೇರಿ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. 1997ರವರೆಗೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳೆಲ್ಲವೂ ಧಾರವಾಡ ಜಿಲ್ಲೆಗೇ ಸೇರಿದ್ದವು. ಆದುದರಿಂದ ಶಾಲೆಯ ಪ್ರವಾಸವೆಂದರೆ ಧಾರವಾಡಕ್ಕೆ ಹೋಗುವುದೆಂದೇ ಅರ್ಥ. 1986ರ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾನು ಅಲ್ಲಿಯ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಹೋದೆನು. 1939ರಲ್ಲಿ ಆರಂಭವಾದ ಆ ಸಂಸ್ಥೆಯು ನಾಡಿನ ಹಲವು ಕಡೆಗಳಿಂದ ಶಾಸನಗಳನ್ನೂ ಮೂರ್ತಿಗಳನ್ನೂ ವೀರಗಲ್ಲುಗಳನ್ನೂ ತಂದು ಕಾಪಾಡಿದೆ.

ಒಂದು ವೀರಗಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ ನಾನು ವಿವರಿಸತೊಡಗಿದೆ. ವೀರಗಲ್ಲನ್ನು ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ಓದಬಾರದು, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ವೀರನು ಕಾದುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಸ್ವರ್ಗಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿರುತ್ತಾನೆ. ಎಲ್ಲಕ್ಕೂ ಮೇಲೆ ಸೂರ್ಯಚಂದ್ರರು. ಅವರಿಬ್ಬರು ಇರುವ ತನಕ ಈ ವೀರನ ಹೆಸರೂ ಇರಲಿ ಎಂಬುದು ಕಲ್ಲು ನಿಲ್ಲಿಸಿದವರ ಹಾರೈಕೆ.

ನನ್ನ ಮಾತು ಮುಗಿಯುತ್ತಲೇ ಹಿಂದಿನ ಸಾಲಿನಲ್ಲಿ ನಿಂತಿದ್ದ ಒಬ್ಬ ಹುಡುಗನು ಸಂಕೋಚದಿಂದ, “ಸರ್, ಇಂಥಾ ಕಲ್ಲು ನಮ್ಮನ್ಯಾಗೂ ಐತ್ರಿ. ನಮ್ಮವ್ವ ಅದರ ಮ್ಯಾಲ ಅರಿವಿ ಒಗೀತಾಳ್ರಿ” ಎಂದನು. ಮಕ್ಕಳೆಲ್ಲರೂ ಗೊಳ್ಳೆಂದು ನಕ್ಕರು. ಅವರೊಡನೆ ನಾನೂ ನಕ್ಕೆ. ಹುಡುಗನು ತಲೆ ತಗ್ಗಿಸಿದನು. ಆ ದಿನ ಅವನು ಮತ್ತೆ ಮಾತಾಡಲಿಲ್ಲ.

ಆ ನಗುವನ್ನು ನೆನೆದಾಗ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ನಕ್ಕದ್ದಕ್ಕಿಂತ ಹೆಚ್ಚಿನ ತಪ್ಪೆಂದರೆ, ಹುಡುಗ ಹೇಳಿದ ಮಾತನ್ನು ನಾನು ಅಲ್ಲಿಯೇ ಮರೆತುಬಿಟ್ಟದ್ದು. ಅವನ ಮನೆಯ ಹಿತ್ತಲಿಗೆ ನಾನು ಹೋದದ್ದು ಎಂಟು ತಿಂಗಳುಗಳ ತರುವಾಯ, ಅದೂ ಬೇರೊಂದು ಕೆಲಸದ ನಿಮಿತ್ತ. ಬಾವಿಯ ಪಕ್ಕದಲ್ಲಿ ಮಲಗಿಸಿದ್ದ ಕಲ್ಲು ನುಣುಪಾಗಿ ಹೊಳೆಯುತ್ತಿತ್ತು. ಬಾಗಿ ನೋಡಿದೆ. ಅಂಚಿನಲ್ಲಿ ಚಂದ್ರನ ಕೊರೆ ಕಾಣಿಸಿತು. ನೀರು ಚೆಲ್ಲಿ ಕೈಯಾಡಿಸಿದಾಗ ದನಗಳ ಕೊಂಬುಗಳೂ ಬಿಲ್ಲು ಹಿಡಿದ ಒಂದು ತೋಳೂ ಬೆರಳಿಗೆ ಹತ್ತಿದವು. ಪಟ್ಟಿಕೆಗಳ ನಡುವೆ ಅಕ್ಷರಗಳಿದ್ದವು.

ನಾನು ಧಾರವಾಡಕ್ಕೆ ಪತ್ರ ಬರೆದೆ. ಕೆಲವು ವಾರಗಳಲ್ಲಿ ಶಾಸನಗಳನ್ನು ಬಲ್ಲ ವಿದ್ವಾಂಸರೊಬ್ಬರು ಬಂದು ಕಲ್ಲಿನ ಅಚ್ಚು ತೆಗೆದರು. ಅದನ್ನು ನೋಡಲು ಊರೇ ನೆರೆದಿತ್ತು. ಮೊದಲು ಕಲ್ಲನ್ನು ಚೆನ್ನಾಗಿ ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಮೆಲ್ಲಗೆ ಬಡಿದರು. ಕಾಗದವು ಅಕ್ಷರಗಳ ಗುಳಿಗಳಿಗೆ ಇಳಿಯಿತು. ಅದು ಅರ್ಧ ಒಣಗಿದ ಮೇಲೆ ಮಸಿಯ ಗುದ್ದುಗೆಯಿಂದ ಒತ್ತುತ್ತ ಹೋದರು. ಗುಳಿಗೆ ಇಳಿದ ಭಾಗಕ್ಕೆ ಮಸಿ ಹತ್ತದು; ಆದುದರಿಂದ ಕಪ್ಪು ಹಾಳೆಯ ಮೇಲೆ ಬಿಳಿಯ ಅಕ್ಷರಗಳು ಒಂದೊಂದಾಗಿ ಮೂಡಿದವು. ತುರುಗಳನ್ನು ಹಿಡಿದೊಯ್ದವರೊಡನೆ ಕಾದಿ ಸತ್ತವನೊಬ್ಬನ ಕಲ್ಲು ಅದೆಂದು ತಿಳಿಯಿತು. ಅವನ ಹೆಸರಿರಬೇಕಾಗಿದ್ದ ಸಾಲು ಮಾತ್ರ ಕಪ್ಪಾಗಿಯೇ ಉಳಿಯಿತು. ಸೀರೆ ಧೋತರಗಳನ್ನು ಬಡಿದು ಬಡಿದು ಆ ಭಾಗವೇ ಹೆಚ್ಚು ಸವೆದಿತ್ತು. ವಿದ್ವಾಂಸರು ಆ ಸಾಲನ್ನು ಮೂರು ಸಲ ನೋಡಿ, ಹಾಳೆಯನ್ನು ಸುತ್ತಿಟ್ಟರು.

ಎಂಟು ತಿಂಗಳ ಹಿಂದೆಯೇ ಬಂದಿದ್ದರೆ ಒಂದು ಅಕ್ಷರವಾದರೂ ಹೆಚ್ಚು ಸಿಕ್ಕುತ್ತಿತ್ತೇನೋ! ಸಿಕ್ಕುತ್ತಿರಲಿಲ್ಲವೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಳ್ಳುವುದುಂಟು. ಆದರೆ ಆ ಸಮಾಧಾನ ಬಹಳ ಹೊತ್ತು ನಿಲ್ಲುವುದಿಲ್ಲ.

ಒಂದು ಹೆಸರು ಅಳಿದರೆ ಏನಾಯಿತು ಎಂದು ನೀವು ಕೇಳಬಹುದು. ಹಾನಗಲ್ಲಿನದೇ ಒಂದು ಸಂಗತಿಯನ್ನು ಹೇಳುತ್ತೇನೆ. ಇಂದು ತಾರಕೇಶ್ವರ ದೇವಾಲಯದ ಕಮಲದ ಛತ್ತನ್ನು ನೋಡಲು ಪ್ರವಾಸಿಗಳು ಬರುವ ಹಾನಗಲ್ಲು, ಒಂದು ಕಾಲಕ್ಕೆ ಪಾನುಂಗಲ್ ಎಂಬ ಹೆಸರಿನಿಂದ ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. 1196ರಲ್ಲಿ ಹೊಯ್ಸಳ ದೊರೆ ವೀರಬಲ್ಲಾಳನು ದಂಡೆತ್ತಿ ಬಂದು, ಆನೆಕೆರೆಯ ಬಳಿ ಬೀಡುಬಿಟ್ಟು ಈ ಪಟ್ಟಣವನ್ನು ಮುತ್ತಿದನು. ಕದಂಬ ಕಾಮದೇವನ ಸೇನಾನಿ ಸೋಹಣಿಯೂ ಅವನ ಮಗ ಪದ್ಮಯ್ಯನೂ ಎದುರು ನಿಂತು ಆ ದಂಡನ್ನು ಆ ಸಲಕ್ಕೆ ಹಿಮ್ಮೆಟ್ಟಿಸಿದರು. ಸೋಹಣಿ ಮಾತ್ರ ಕಾಳಗದಲ್ಲಿ ಮಡಿದನು. ಇಷ್ಟೆಲ್ಲವೂ ನಮಗೆ ತಿಳಿದದ್ದು ಹಾನಗಲ್ಲಿನ ಒಂದು ವೀರಗಲ್ಲಿನ ಬರಹದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ಅದರ ವಿವರವನ್ನು ಪ್ರಕಟಿಸಿದನು. ಆ ಕಲ್ಲೂ ಯಾರದೋ ಬಾವಿಯ ಕಟ್ಟೆಗೆ ಸೇರಿ ಸವೆದಿದ್ದರೆ ಸೋಹಣಿಯೆಂಬವನೊಬ್ಬ ಇದ್ದನೆಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ. ಆನೆಕೆರೆಯ ದಂಡೆಯ ಮೇಲೆ ನಿಂತಾಗ ನಮಗೆ ಕಾಣುವುದು ಬರಿಯ ನೀರಾಗಿರುತ್ತಿತ್ತು.

ಇನ್ನು ಹಿತ್ತಲಿನ ಕಲ್ಲಿಗೆ ಮರಳೋಣ. ಅದನ್ನು ಧಾರವಾಡದ ಸಂಗ್ರಹಾಲಯಕ್ಕೆ ಸಾಗಿಸುವುದೇ ಉಚಿತವೆಂದು ನಾನು ನಿಶ್ಚಯಿಸಿ, ಹುಡುಗನ ಅಜ್ಜಿಗೆ ಹೇಳಿದೆ. ಆಕೆ ಜಗುಲಿಯ ಮೇಲೆ ಕುಳಿತು ಕೌದಿ ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸದೆಯೇ ಉತ್ತರ ಕೊಟ್ಟಳು: “ಒಯ್ದು ಅಲ್ಲಿ ಇಡ್ತೀರಿ, ಖರೆ. ಆಮ್ಯಾಲ ನನಗ ನೋಡಬೇಕನಸಿದ್ರ ಬಾಗಲದಾಗ ಚೀಟಿ ಕೇಳ್ತಾರ. ನಮ್ಮನಿ ಕಲ್ಲು ನೋಡಾಕ ನಾ ಯಾಕ ಚೀಟಿ ತಗೀಲ್ರಿ, ಮಾಸ್ತರ್ರ?”

ಸಂಗ್ರಹಾಲಯಕ್ಕೆ ಕಾವಲುಗಾರರು ಬೇಕು, ಕಟ್ಟಡ ಬೇಕು, ಇವಕ್ಕೆಲ್ಲ ಹಣ ಬೇಕು ಎಂದು ನಾನು ವಿವರಿಸಬಹುದಾಗಿತ್ತು. ಅದೆಲ್ಲ ನಿಜವೂ ಹೌದು. ಆದರೆ ಆಕೆ ಕೇಳಿದ್ದು ಹಣದ ಮಾತಲ್ಲವೆಂದು ತಿಳಿಯುವಷ್ಟು ಬುದ್ಧಿ ನನಗೆ ಆ ವೇಳೆಗೆ ಬಂದಿತ್ತು. ಕಲ್ಲು ಅಲ್ಲಿಯೇ ಉಳಿಯಿತು. ಹುಡುಗನ ತಂದೆ ಅದನ್ನು ಎತ್ತಿ, ಚಿತ್ರಗಳು ಕಾಣುವಂತೆ ಗೋಡೆಗೆ ಆನಿಸಿ ನಿಲ್ಲಿಸಿದನು. ಒಗೆಯುವುದಕ್ಕೆ ಹಾನಗಲ್ಲಿನಿಂದ ಬೇರೊಂದು ಚಪ್ಪಡಿ ಬಂದಿತು.

ಅಜ್ಜಿಯ ಪ್ರಶ್ನೆಯಿಂದಲೇ ನಮ್ಮ ಶಾಲೆಯ ಪ್ರದರ್ಶನ ಹುಟ್ಟಿತು. ವರ್ಷಕ್ಕೊಂದು ದಿನ ಶಾಲೆಯ ಎರಡು ಕೊಠಡಿಗಳನ್ನು ಸಂಗ್ರಹಾಲಯ ಮಾಡುವುದು. ಒಳಗೆ ಬರುವವರು ದುಡ್ಡು ಕೊಡಬೇಕಾಗಿಲ್ಲ, ಮನೆಯ ಒಂದು ಹಳೆಯ ವಸ್ತುವನ್ನಾದರೂ ತರಬೇಕು, ಇಲ್ಲವೇ ಒಂದು ಹಳೆಯ ಸಂಗತಿಯನ್ನಾದರೂ ಹೇಳಬೇಕು ಎಂದು ನಿಯಮ ಮಾಡಿದೆವು.

ದಿನ ಗೊತ್ತುಮಾಡುವುದೇ ಕಷ್ಟವಾಯಿತು. ಜಗತ್ತಿನ ಸಂಗ್ರಹಾಲಯಗಳೆಲ್ಲ 1977ರಿಂದ ಮೇ 18ನ್ನು ತಮ್ಮ ದಿನವೆಂದು ಆಚರಿಸುತ್ತಿವೆ. ಆಗ ನಮ್ಮ ಶಾಲೆಗಳಿಗೆ ಬೇಸಗೆಯ ರಜೆ. ಪರಂಪರೆಯ ಸಪ್ತಾಹವು ನವೆಂಬರ್ 19ರಿಂದ 25ರವರೆಗೆ. ಆಗ ನಮ್ಮ ಕಡೆ ಭತ್ತದ ಕೊಯ್ಲು, ಊರಿನಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಬಿತ್ತನೆಯ ಕಾಲಕ್ಕೆ ಇಡೋಣವೆಂದರೆ ಕೂರಿಗೆ, ಕುಂಟೆ, ರಂಟೆಗಳೆಲ್ಲ ಹೊಲದಲ್ಲಿರುತ್ತವೆ. ದುಡಿಯುವ ಕೂರಿಗೆಯನ್ನು ನೋಡುವುದಕ್ಕೆಂದು ಯಾವ ರೈತನು ತಂದುಕೊಟ್ಟಾನು? ಕೊನೆಗೆ ನಾಗರ ಪಂಚಮಿಯ ಮಾರನೆಯ ವಾರವನ್ನು ಆರಿಸಿಕೊಂಡೆವು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ನೆಲುವು, ಕಡಗೋಲು, ಬೀಸುವ ಕಲ್ಲು, ಕಸೂತಿಯ ಕುಪ್ಪಸಗಳ ವಿಷಯವಾಗಿ ಅವರು ಬಲ್ಲಷ್ಟನ್ನು ನಾವು ಯಾವ ಪುಸ್ತಕದಿಂದಲೂ ಪಡೆಯಲಾರೆವು. ಒಂದು ಕೌದಿಯನ್ನು ಬಿಡಿಸಿಟ್ಟರೆ, ಈ ತುಂಡು ಅವ್ವನ ಧಾರೆಯ ಸೀರೆಯದು, ಈ ತುಂಡು ತೀರಿಹೋದ ತಮ್ಮನ ಅಂಗಿಯದು ಎಂದು ಒಂದು ಮನೆತನದ ಚರಿತ್ರೆಯೇ ತೆರೆದುಕೊಳ್ಳುತ್ತಿತ್ತು. ಮಕ್ಕಳು ಅದನ್ನು ಚಿಕ್ಕ ಚೀಟಿಗಳಲ್ಲಿ ಬರೆದು ವಸ್ತುವಿನ ಮುಂದೆ ಇಡುತ್ತಿದ್ದರು. ಮೊದಲ ವರ್ಷವೇ ಅಜ್ಜಿಯೂ ಬಂದಳು. ಬರಿಗೈಯಲ್ಲಿ ಬಂದು, ತನ್ನ ಕಲ್ಲಿನ ಕಥೆ ಹೇಳಿ, ತಲೆಯೆತ್ತಿ ಒಳಗೆ ಹೋದಳು.

ಎರಡನೆಯ ವರ್ಷ ಒಂದು ಅಚಾತುರ್ಯ ನಡೆಯಿತು. ಒಬ್ಬ ತಾಯಿ ಹಿತ್ತಾಳೆಯ ಪಾವು ತಂದಿದ್ದಳು. ನಾಲ್ಕು ಪಾವಿಗೆ ಒಂದು ಸೇರು. ದಶಮಾನ ಪದ್ಧತಿ ಬಂದು ಅಂಗಡಿಗಳಿಂದ ಸೇರು ಪಾವುಗಳು ಮರೆಯಾದ ಮೇಲೂ ಅವರ ಮನೆಯಲ್ಲಿ ಅಕ್ಕಿಯನ್ನು ಅದರಿಂದಲೇ ಅಳೆಯುತ್ತಿದ್ದರಂತೆ. ಸಂಜೆ ವಸ್ತುಗಳನ್ನು ಹಿಂದಿರುಗಿಸುವಾಗ ಆ ಪಾವು ಇರಲಿಲ್ಲ. ಎಲ್ಲ ಮೂಲೆಗಳಲ್ಲಿ ಹುಡುಕಿದೆವು. ಯಾರು ಒಯ್ದರೋ, ಬೇರೆಯವರ ವಸ್ತುಗಳೊಡನೆ ತಪ್ಪಿ ಹೋಯಿತೋ ತಿಳಿಯಲಿಲ್ಲ. ಹೊಸ ಪಾತ್ರೆ ಕೊಡಿಸುತ್ತೇನೆಂದು ಹೇಳಿದೆ. “ಹೋಗ್ಲಿ ಬಿಡ್ರಿ ಮಾಸ್ತರ್ರ, ಅದಕ್ಯಾಕ ಹೊಸಾದು” ಎಂದು ಆಕೆ ಹೊರಟುಹೋದಳು. ಮರುವರ್ಷ ಆಕೆ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ.

ಆಗ ನಾನು ಧಾರವಾಡದಲ್ಲಿ ಕಂಡು ಮರೆತಿದ್ದ ಇನ್ನೊಂದು ಸಂಗತಿ ನೆನಪಾಯಿತು. ಅಲ್ಲಿಯ ಶಿಲ್ಪಗಳಿಗೆಲ್ಲ ಒಂದೊಂದು ಸಂಖ್ಯೆ ಇತ್ತು. ಸಂಗ್ರಹಾಲಯವು ಒಂದು ವಸ್ತುವನ್ನು ಒಳಗೆ ತೆಗೆದುಕೊಂಡೊಡನೆ ಅದಕ್ಕೆ ಸಂಖ್ಯೆ ಕೊಟ್ಟು, ಎಲ್ಲಿಂದ ಬಂದಿತು, ಯಾರು ಕೊಟ್ಟರು, ಅಳತೆಯೆಷ್ಟು, ಎಲ್ಲಿ ಮುಕ್ಕಾಗಿದೆ ಎಂಬುದನ್ನೆಲ್ಲ ದಾಖಲೆಯ ಪುಸ್ತಕದಲ್ಲಿ ಬರೆಯುತ್ತದೆ. ಇದು ಬೇಸರದ ಕೆಲಸವೆಂದು ನಾನು ಎಣಿಸಿದ್ದೆ. ಮೂರನೆಯ ವರ್ಷ ದಪ್ಪ ಹೊತ್ತಗೆಯೊಂದನ್ನು ತಂದು, ಮಕ್ಕಳ ಕೈಯಿಂದಲೇ ಎಲ್ಲವನ್ನೂ ಬರೆಯಿಸಿ, ವಸ್ತು ತಂದವರಿಗೆ ಪಾವತಿ ಚೀಟಿ ಕೊಡುವ ಪದ್ಧತಿ ಮಾಡಿದೆ. ಹೊತ್ತಗೆಯ ಮೊದಲನೆಯ ಸಾಲಿನಲ್ಲಿ ನಾನೇ ಬರೆದೆ: “1. ಹಿತ್ತಾಳೆಯ ಪಾವು. ಕಳೆದಿದೆ.”

ಮುಂದೆ ವರ್ಗಾವಣೆಗಳು ನನ್ನನ್ನು ಸುತ್ತಲಿನ ತಾಲ್ಲೂಕುಗಳಿಗೆಲ್ಲ ಒಯ್ದವು. ಹೋದಲ್ಲಿ ಪ್ರದರ್ಶನವೂ ನನ್ನ ಜೊತೆಗೆ ಬಂದಿತು. ಸವಣೂರಿನಲ್ಲಿ ವಸ್ತುವನ್ನು ಶಾಲೆಗೆ ತರುವುದರ ಬದಲು ಶಾಲೆಯೇ ವಸ್ತುವಿನ ಬಳಿಗೆ ಹೋಗಬೇಕಾಯಿತು. ಅಲ್ಲಿಯ ದೊಡ್ಡಹುಣಸೆ ಮರಗಳು ಆಫ್ರಿಕದ ಮೂಲದವು. ಮಕ್ಕಳು ಕೈಕೈ ಹಿಡಿದು ಒಂದರ ಬುಡವನ್ನು ತಬ್ಬಿದಾಗ ಹನ್ನೊಂದು ಮಂದಿ ಬೇಕಾಯಿತು. ಆ ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತೆಂದೂ ಅದನ್ನು ಎತ್ತಿ ಮತ್ತೆ ನೆಟ್ಟರೆಂದೂ ಓದಿದ ದಿನ ನನಗೆ ಊಟ ರುಚಿಸಲಿಲ್ಲ. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಸೋಮೇಶ್ವರ ದೇವಾಲಯದ ಗೋಡೆಯ ಮೇಲೆ ಏಕಾಂತದ ರಾಮಯ್ಯನ ಕಥೆಯ ಶಿಲ್ಪಗಳಿವೆ. ಇದು ಇಂಥ ಪ್ರಸಂಗವೆಂದು ತಿಳಿಸುವ ಚಿಕ್ಕ ಬರಹಗಳನ್ನೂ ಅಲ್ಲಿ ಕೊರೆದಿದ್ದಾರೆ. ನಮ್ಮ ಮಕ್ಕಳು ಕೌದಿಯ ಮುಂದೆ ಇಡುತ್ತಿದ್ದ ಚೀಟಿಗಳಿಗೆ ಎಷ್ಟು ಹಳೆಯ ಅಣ್ಣಂದಿರು!

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಈಗ ಇಂಥ ನೋಟಕ್ಕೆ ಹೆಸರಾಗಿದೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ನಮ್ಮ ಹಳ್ಳಿಯ ಬಾಳುವೆ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೂ ಅಲ್ಲಿಗೆ ಬಂದಿತು. ನೀವು ಅವಕಾಶ ಮಾಡಿಕೊಂಡು ಹೋಗಿ ನೋಡಬೇಕು. ಹಾಗೆಯೇ ಇನ್ನೊಂದು ಮಾತು: ಕೇಂದ್ರ ಪುರಾತತ್ತ್ವ ಇಲಾಖೆಯು ಶುಲ್ಕ ವಿಧಿಸುವ ಸ್ಮಾರಕಗಳಲ್ಲಿ ಹದಿನೈದು ವರ್ಷದ ಒಳಗಿನವರಿಗೆ ಪ್ರವೇಶ ಉಚಿತ. ನಿಮ್ಮಲ್ಲಿ ಹಲವರಿಗೆ ಈ ಸೌಲಭ್ಯ ಇನ್ನು ಕೆಲವೇ ತಿಂಗಳು ಉಳಿದಿರಬಹುದು.

ನಿವೃತ್ತನಾದ ಮೇಲೆ ಒಂದು ಶ್ರಾವಣದಲ್ಲಿ ನಾನು ಮೊದಲಿನ ಶಾಲೆಗೆ ಹೋಗಿದ್ದೆ. ಪ್ರದರ್ಶನ ಇನ್ನೂ ನಡೆಯುತ್ತಿದೆಯೆಂದು ಯಾರೋ ಹೇಳಿದ್ದರು. ಬಾಗಿಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಮೇಜಿನ ಮುಂದೆ ಕುಳಿತಿದ್ದಳು. ಧಾರವಾಡದಲ್ಲಿ ತಲೆ ತಗ್ಗಿಸಿದ ಆ ಹುಡುಗನ ಮಗಳು ಆಕೆಯೆಂದು ನನಗೆ ಆಮೇಲೆ ತಿಳಿಯಿತು. ನಾನು ಸಲಿಗೆಯಿಂದ ಒಳಗೆ ಹೋಗಲಿದ್ದಾಗ ಆಕೆ ತಡೆದು, “ಏನು ತಂದೀರ್ರಿ, ಅಜ್ಜಾರ?” ಎಂದು ಕೇಳಿದಳು.

ನಾನು ಬರಿಗೈಯಲ್ಲಿದ್ದೆ. ಸೋಹಣಿಯ ಕಥೆ ಹೇಳುತ್ತೇನೆಂದೆ. “ಅದನ್ನ ಮುಂಜಾನಿಂದ ನಾಕು ಮಂದಿ ಹೇಳ್ಯಾರ್ರಿ” ಎಂದಳು. ಜೇಬು ತಡವಿದೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಮಸಿ ಪೆನ್ನು ಸಿಕ್ಕಿತು. ಆಕೆ ಅದನ್ನು ತಿರುಗಿಸಿ ನೋಡಿ, ಪಟ್ಟಿಯಿಂದ ಅಳೆದು, ಮುಚ್ಚಳದ ಬಿರುಕನ್ನೂ ಬಿಡದೆ ಪುಸ್ತಕದಲ್ಲಿ ಬರೆದು, ಚೀಟಿ ಹರಿದು ನನ್ನ ಕೈಗಿತ್ತಳು.

“ಸಂಜಿ ಐದಕ್ಕ ಬಂದು ಒಯ್ರಿ. ಚೀಟಿ ಕಳಕೋಬ್ಯಾಡ್ರಿ” ಎಂದಳು.