ಕೊರಳ ಗಂಟು, ಮುಚ್ಚಿದ ಸೆರಗು

ಪಂಪನ ತಾಯಿ ಅಬ್ಬಣಬ್ಬೆಯ ಮನೆತನದ ಊರೆಂದು ಸಾಹಿತ್ಯಚರಿತ್ರೆಯಲ್ಲಿ ಹೆಸರಾದ ಅಣ್ಣಿಗೇರಿಯ ಸುತ್ತಲಿನ ಎರೆನೆಲದ ಊರುಗಳಲ್ಲಿ, ಮೈಯ ಮೇಲೆ ಏಳುವ ಗಂಟಿನ ವಿಷಯದಲ್ಲಿ ಎರಡು ಬಗೆಯ ನಡವಳಿಕೆಗಳುಂಟು. ಗಂಟು ನೋಯುವಂಥದ್ದಾದರೆ ಅದೇ ದಿನ ಮನೆಮಂದಿಗೆಲ್ಲ ಸುದ್ದಿ. ನೋಯದಿದ್ದರೆ, ‘ಏನೂ ಬ್ಯಾನಿ ಇಲ್ಲಲ್ಲ, ತಾನ ಕರಗತೈತಿ ಬಿಡ್ರಿ’ ಎಂಬ ಒಂದು ಮಾತಿಗೆ ಪ್ರಕರಣ ಮುಗಿಯುತ್ತದೆ. ಮದುವೆಯ ವಯಸ್ಸಿನ ಹುಡುಗಿಯ ಕೊರಳಲ್ಲಿ ಗಂಟು ಕಂಡರೆ ಆ ಮಾತೂ ಇಲ್ಲ. ಸೆರಗೋ ದುಪಟ್ಟಾವೋ ಅದನ್ನು ಮುಚ್ಚುತ್ತದೆ. ವೈದ್ಯರ ದೃಷ್ಟಿಯಲ್ಲಿ ಈ ಕ್ರಮ ಬಹುಮಟ್ಟಿಗೆ ತಲೆಕೆಳಗಾದದ್ದು.

ದೇಹದಲ್ಲಿ ಸುಮಾರು 600 ದುಗ್ಧಗ್ರಂಥಿಗಳಿವೆ. ದುಗ್ಧರಸದೊಡನೆ ಹರಿದು ಬರುವ ರೋಗಾಣುಗಳನ್ನು ತಡೆದು ನಿಲ್ಲಿಸುವುದು ಅವುಗಳ ಕೆಲಸ. ತಡೆಯುವ ಹೊತ್ತಿನಲ್ಲಿ ಅವು ಊದಿಕೊಳ್ಳುತ್ತವೆ. ಹತ್ತಿ ಹೊಲದಲ್ಲಿ ಕಾಲಿಗೆ ಮುಳ್ಳು ಚುಚ್ಚಿ ಕೀವಾದವನಿಗೆ ತೊಡೆಯ ಸಂದಿಯಲ್ಲಿ ಗಂಟೇಳುತ್ತದೆ. ಗಂಟಲು ಕೆಟ್ಟ ಮಗುವಿಗೆ ದವಡೆಯ ಕೆಳಗೆ, ಹೇನು ಕಡಿದು ತಲೆಯಲ್ಲಿ ಹುಣ್ಣಾದ ಮಗುವಿಗೆ ಕತ್ತಿನ ಹಿಂದೆ. ಇವು ಮೆತ್ತಗಿರುತ್ತವೆ, ಮುಟ್ಟಿದರೆ ನೋಯುತ್ತವೆ, ಬೆರಳಿಗೆ ಸಿಕ್ಕು ಜಾರುತ್ತವೆ. ಮೂಲದ ಗಾಯ ಮಾಯುತ್ತಿದ್ದಂತೆ ಹೆಚ್ಚಿನವು ಎರಡು ಮೂರು ವಾರಗಳಲ್ಲಿ ತಗ್ಗುತ್ತವೆ. ಗಂಟಿನ ಮೇಲಿನ ಚರ್ಮ ಕೆಂಪೇರಿ ಜ್ವರ ಹೆಚ್ಚಿದರೆ ಮಾತ್ರ ಅಷ್ಟು ದಿನ ಕಾಯುವಂತಿಲ್ಲ.

ವೈದ್ಯರಿಗೆ ಹೆಚ್ಚು ಚಿಂತೆ ತರುವುದು ಸದ್ದಿಲ್ಲದ ಗಂಟು. ಮೂರು ನಾಲ್ಕು ವಾರವಾದರೂ ತಗ್ಗದ, ಬೆಳೆಯುತ್ತಲೇ ಇರುವ, ಕಲ್ಲಿನಂತೆ ಗಟ್ಟಿಯಾಗಿ ಅಲುಗದ ಗಂಟನ್ನು ತೋರಿಸಲೇಬೇಕು. ಅದರೊಡನೆ ಸಂಜೆಯ ಜ್ವರ, ಹಾಸಿಗೆ ತೊಯ್ಯುವ ಇರುಳ ಬೆವರು, ಕಾರಣವಿಲ್ಲದೆ ಮೈಯಿಳಿಯುವುದು ಸೇರಿದರೆ ಇನ್ನಷ್ಟು ಬೇಗ. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಕೈಗೆ ಸಿಗುವ ಗಂಟು, ಚಿಕ್ಕದಿದ್ದರೂ, ಎದೆಯ ಅಥವಾ ಹೊಟ್ಟೆಯ ಒಳಗಿನ ರೋಗದ ಸೂಚನೆಯಾಗಿರಬಹುದು. ತಂಬಾಕು ಗುಟ್ಕಾ ಅಗಿಯುವವರಲ್ಲಿ ಬಾಯೊಳಗಿನ ಅರ್ಬುದವು ಕೊರಳ ಗಂಟಾಗಿ ಹೊರಬೀಳುವುದುಂಟು. ಹೆಂಗಸರ ಕಂಕುಳಿನ ಗಂಟಿಗೆ ಸ್ತನದ ಪರೀಕ್ಷೆಯೂ ಬೇಕು.

ಈ ಭೇದ ನಮ್ಮ ಪ್ರಾಚೀನರಿಗೆ ತಿಳಿಯದ್ದೇನೂ ಅಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯ ಗ್ರಂಥಿ, ಅಪಚಿ, ಅರ್ಬುದ, ಗಲಗಂಡಗಳನ್ನು ಒಟ್ಟಿಗೆ ವಿವರಿಸುತ್ತದೆ. ದವಡೆ, ಕಂಕುಳು, ಕೊರಳೆಲುಬು, ಕತ್ತುಗಳಲ್ಲಿ ನೆಲ್ಲಿಯ ಬೀಜದಂತೆ, ಮೀನಿನ ಮೊಟ್ಟೆಗಳಂತೆ ಗುಂಪಾಗಿ ಏಳುವ, ಕೆಲವು ಒಡೆದು ಮಾಯುತ್ತಿರಲು ಮತ್ತೆ ಕೆಲವು ಹುಟ್ಟುವ ಅಪಚಿಯ ವರ್ಣನೆಯನ್ನು ಓದಿದವರಿಗೆ, ಇಂದು ದುಗ್ಧಗ್ರಂಥಿಯ ಕ್ಷಯವೆನ್ನುವ ರೋಗವೇ ಕಣ್ಣೆದುರು ಬರುತ್ತದೆ. ಚರಕಸಂಹಿತೆಯಲ್ಲಿ ಕೊರಳಿನ ಇಂಥ ಗಂಟುಗಳ ಸಾಲಿಗೆ ಗಂಡಮಾಲೆಯೆಂಬ ಹೆಸರಿದೆ. ಗಂಡಮಾಲೆ ಸಾಧ್ಯ, ಆದರೆ ಕೆಮ್ಮು, ಜ್ವರ, ಪಕ್ಕೆನೋವುಗಳೊಡನೆ ಕೂಡಿದಾಗ ಅಸಾಧ್ಯ ಎಂಬ ನಿರ್ಣಯವೂ ಅಲ್ಲಿದೆ. ರೋಗಾಣುವಿನ ಹೆಸರನ್ನೇ ಕೇಳದಿದ್ದವರು ಕೊರಳಿಗೂ ಎದೆಗೂ ಇರುವ ನಂಟನ್ನು ಗುರುತಿಸಿದ್ದರು. ಕರ್ನಾಟಕದ ಜೈನ ವೈದ್ಯಪರಂಪರೆಯು ಇದೇ ಶಾಸ್ತ್ರವನ್ನು ಅಹಿಂಸೆಗೆ ಹೊಂದಿಸಿಕೊಂಡಿತು. ಒಂಬತ್ತನೆಯ ಶತಮಾನದ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕ, ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ಬರೆದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ ಇದಕ್ಕೆ ಸಾಕ್ಷಿ. ಆಹಾರ, ಅಭಯ, ಶಾಸ್ತ್ರಗಳ ಜತೆಗೆ ಔಷಧವನ್ನೂ ದಾನಗಳಲ್ಲಿ ಎಣಿಸಿದ ಪರಂಪರೆಯಿದು.

ಹಾಗಾದರೆ ಗಂಟನ್ನು ಮುಚ್ಚುವ ರೂಢಿ ಎಲ್ಲಿಂದ ಬಂತು? ಒಂದು ಕಾರಣವನ್ನು ಪ್ಲೇಗಿನ ಕಾಲದಲ್ಲಿ ಹುಡುಕಬಹುದು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಹುಬ್ಬಳ್ಳಿಯಲ್ಲಿ ಹಬ್ಬಿತು. ಹುಬ್ಬಳ್ಳಿ ಗದಗಗಳ ನಡುವಿನ ರೈಲುದಾರಿಯಲ್ಲೇ ಅಣ್ಣಿಗೇರಿ ಇದೆ. ಪ್ಲೇಗಿನ ಗುರುತೇ ತೊಡೆಸಂದಿಯ, ಕಂಕುಳಿನ ಗಡ್ಡೆ, ಅಂದರೆ ಊದಿದ ದುಗ್ಧಗ್ರಂಥಿ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಮುಂಬಯಿ ಪ್ರಾಂತದಲ್ಲಿ ರೈಲು ಪ್ರಯಾಣಿಕರನ್ನು ಇಳಿಸಿ ಮೈಮುಟ್ಟಿ ಗಡ್ಡೆ ಹುಡುಕುತ್ತಿದ್ದರು. ಗಡ್ಡೆಯಿದ್ದವರನ್ನು ಆಸ್ಪತ್ರೆಗೆ, ಮನೆಯವರನ್ನು ಪ್ರತ್ಯೇಕ ಶಿಬಿರಗಳಿಗೆ ಒಯ್ಯುತ್ತಿದ್ದರು. ಹಾಫ್‌ಕಿನ್ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಕಿಸಿಕೊಂಡದ್ದೂ ಆಗಲೇ. ಅದು ಬೇರೊಂದು ಲೇಖನದ ವಿಷಯ. ಅಪರಿಚಿತರ ಕೈಗೆ ಮೈಯೊಪ್ಪಿಸುವ ಅವಮಾನ, ಮನೆ ಬಿಡುವ ಭಯ ಎರಡೂ ಸೇರಿ ಗಡ್ಡೆಯನ್ನು ಅಡಗಿಸಿಡುವುದೇ ಅನೇಕರಿಗೆ ಜಾಣತನವೆನಿಸಿತು.

ಇಂದಿನ ಭಯ ಶಿಬಿರದ್ದಲ್ಲ, ವರನ ಕಡೆಯವರದು. ಆದರೆ ಇದಕ್ಕೆ ಆಧಾರವೇ ತೆಳ್ಳಗಿನದು. ಶ್ವಾಸಕೋಶಕ್ಕೆ ತಗಲದೆ ಗ್ರಂಥಿಯಲ್ಲಷ್ಟೇ ಇರುವ ಕ್ಷಯ ಸಾಮಾನ್ಯವಾಗಿ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಹುಡುಗಿಯ ತಟ್ಟೆ ಲೋಟ ಬೇರೆಯಿಡಬೇಕಾಗಿಲ್ಲ. ಎದೆಯ ಕ್ಷ-ಕಿರಣ ಚಿತ್ರ ತೆಗೆಸಿ ಶ್ವಾಸಕೋಶ ಶುದ್ಧವಿದೆಯೆಂದು ನೋಡಿಕೊಂಡರೆ ಸಾಕು. ಸಣ್ಣ ಸೂಜಿಯಿಂದ ಗಂಟಿನೊಳಗಿನ ಜೀವಕೋಶಗಳನ್ನು ತೆಗೆದು ನೋಡುವ ಪರೀಕ್ಷೆ ಕೆಲವೇ ನಿಮಿಷಗಳದು. ಅದರಿಂದ ತಿಳಿಯದಿದ್ದರೆ ಬಯಾಪ್ಸಿ. ಊರ ಆಸ್ಪತ್ರೆಯಲ್ಲಿ ಆಗದ್ದಕ್ಕೆ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಿದೆ. ಕ್ಷಯದ ಔಷಧ ಸರ್ಕಾರದಿಂದ ಉಚಿತ. ಸಾಮಾನ್ಯವಾಗಿ ಆರು ತಿಂಗಳು ತೆಗೆದುಕೊಳ್ಳಬೇಕು. ಪರೀಕ್ಷೆಗೆ ಮೊದಲೇ ಗಂಟಿಗೆ ಬರೆ ಎಳೆಸುವುದು, ಹೆಸರು ತಿಳಿಯದ ಸೂಜಿಮದ್ದು ಹಾಕಿಸುವುದು ಎರಡೂ ಹಾನಿಕರ. ಸ್ಟೀರಾಯ್ಡ್ ಔಷಧದಿಂದ ಕೆಲವು ಗಂಟುಗಳು ತಾತ್ಕಾಲಿಕವಾಗಿ ಕುಗ್ಗಿ, ಒಳಗಿನ ಲಿಂಫೋಮಾದಂಥ ಅರ್ಬುದ ಮರೆಯಾಗಿಬಿಡಬಹುದು.

ಇನ್ನೊಂದು ಸಂಗತಿಯನ್ನು ಮನೆಯ ಹಿರಿಯರಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು. ಕ್ಷಯದ ಚಿಕಿತ್ಸೆಯ ನಡುವೆ ಗಂಟು ಕೆಲವೊಮ್ಮೆ ದೊಡ್ಡದಾಗುತ್ತದೆ, ಪಕ್ಕದಲ್ಲಿ ಹೊಸದೂ ಏಳುತ್ತದೆ. ಔಷಧ ಸೋತಿತೆಂದು ಬಹಳ ಮನೆಗಳಲ್ಲಿ ಮಾತ್ರೆ ನಿಲ್ಲುವುದು ಆಗಲೇ. ಬಹುತೇಕ ಅದು ಸಾಯುತ್ತಿರುವ ರೋಗಾಣುಗಳ ವಿರುದ್ಧ ದೇಹ ತೋರುವ ಪ್ರತಿಕ್ರಿಯೆ. ಮಾತ್ರೆ ಬಿಡದೆ ಅದೇ ವೈದ್ಯರ ಬಳಿಗೆ ಮರಳಿ ಹೋದರೆ, ಅವರು ಗಂಟನ್ನು ಇನ್ನೊಮ್ಮೆ ಮುಟ್ಟಿ ಅಳೆದು ನೋಡುತ್ತಾರೆ.