ಹೊಂಡ ಮುಚ್ಚಿ ಹೋಗಿ

ಕೆಸರಲ್ಲಿ ಗಾಡಿ ಹೂತ ಕೂಡಲೇ ಡ್ರೈವರ್‌ನ ಬಲಗಾಲಿಗೆ ಎಲ್ಲಿಲ್ಲದ ಜೋರು ಬಂದುಬಿಡುತ್ತೆ. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಗಿರ್ರನೆ ತಿರುಗುತ್ತೆ, ಕೆಸರು ಹಾರುತ್ತೆ, ಗಾಡಿ ಮಾತ್ರ ಇಂಚಿಂಚೇ ಕೆಳಗಿಳಿಯುತ್ತೆ. ‘ಫೋರ್ ಬೈ ಫೋರ್ ಅಲ್ವಾ, ಎದ್ದು ಬರುತ್ತೆ ಬಿಡು’ ಅನ್ನೋ ಧೈರ್ಯ ಬೇರೆ. ಆದರೆ ಡಿಫರೆನ್ಷಿಯಲ್ ಲಾಕ್ ಇಲ್ಲದಿದ್ದರೆ ಒಂದು ಆಕ್ಸಲ್‌ನ ಎರಡೂ ಚಕ್ರಕ್ಕೆ ಸಿಗೋದು ಸಮಾನ ಬಲ. ಒಂದು ಚಕ್ರ ಕೆಸರಲ್ಲಿ ಜಾರುತ್ತಿದ್ದರೆ, ಅದನ್ನು ತಿರುಗಿಸೋಕೆ ಸಾಕಾಗುವ ಚೂರು ಬಲವೇ ಗಟ್ಟಿ ನೆಲದ ಮೇಲಿರುವ ಜೋಡಿ ಚಕ್ರಕ್ಕೂ ಸಿಗುತ್ತೆ. ಮುಂದೊಂದು, ಹಿಂದೊಂದು ಚಕ್ರ ಜಾರಿದರೆ ಮುಗೀತು. ಎಷ್ಟು ಲಕ್ಷದ ಗಾಡಿಯಾದರೂ ಅಲ್ಲೇ ಕೂತಿರುತ್ತೆ.

ಕಳೆದ ಜುಲೈನಲ್ಲಿ ಮೂಡಿಗೆರೆ ಕಡೆ ಗೆಳೆಯನ ಹೊಸ ಗಾಡಿ ಹೀಗೇ ಕೂತಿತ್ತು. ಒಂದು ಕಡೆ ಕಾಫಿ ತೋಟ, ಇನ್ನೊಂದು ಕಡೆ ಗದ್ದೆ, ನಡುವೆ ಮಣ್ಣಿನ ದಾರಿ, ಮೇಲೆ ಬಿಡದೆ ಸುರಿಯೋ ಮಳೆ. ನಾನು ಪಕ್ಕದ ಸೀಟಲ್ಲಿದ್ದೆ. ಇಳಿದು ಬಗ್ಗಿ ನೋಡಿದರೆ ಗಾಡಿಯ ಹೊಟ್ಟೆಯೇ ಕೆಸರಿನ ಮೇಲೆ ಮಲಗಿತ್ತು. ಹೋಂಸ್ಟೇಗೆ ಫೋನ್ ಮಾಡಿದೆವು. ಅರ್ಧ ಗಂಟೆ ಬಿಟ್ಟು ಹಳೇ ಮಹೀಂದ್ರ ಜೀಪೊಂದು ಗುಡುಗುತ್ತಾ ಬಂತು. ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಇಳಿದವರಿಗೆ ಅರವತ್ತರ ಆಸುಪಾಸು.

ಗೆಳೆಯ ಹೊಸ ಹಗ್ಗ ಹಿಡಿದುಕೊಂಡು ಓಡಿದ. ಅವರು ಅದರ ಕಡೆ ನೋಡಲೂ ಇಲ್ಲ. ಜೀಪಿನಿಂದ ಗುದ್ದಲಿ ತೆಗೆದರು.

“ಅಣ್ಣಾ, ಎಳೆಯೋದಲ್ವಾ?”

“ಈಗ ಎಳೆದ್ರೆ ಹಗ್ಗ ಬರ್ತದೆ, ಇಲ್ಲಾ ಬಂಪರ್ ಬರ್ತದೆ. ಗಾಡಿ ಬರೂದಿಲ್ಲ ಮಾರಾಯ್ರೆ.”

ಮೊದಲು ಹೊಟ್ಟೆ ಕೆಳಗಿನ ಕೆಸರು ತೆಗೆದದ್ದಾಯ್ತು. ಆಮೇಲೆ ಬಂದ ದಾರಿಗೇ ವಾಪಸ್ ಹೋಗೋ ಹಾಗೆ ಚಕ್ರದ ಹಿಂದೆ ಇಳಿಜಾರು ಕೆತ್ತಿದೆವು. ಅದಕ್ಕೆ ಕಲ್ಲು, ಅದರ ಮೇಲೆ ಸಿಲ್ವರ್ ಓಕ್ ರೆಂಬೆ. ಟೈರಿನ ಗಾಳಿ 32ರಿಂದ 18 ಪಿಎಸ್‌ಐಗೆ ಇಳಿಸಿದೆವು. ಗಾಳಿ ಕಮ್ಮಿಯಾದರೆ ಟೈರು ಚಪ್ಪಟೆಯಾಗಿ ನೆಲವನ್ನು ಅಗಲಕ್ಕೆ ಹಿಡಿಯುತ್ತೆ. ಡಾಂಬರು ರಸ್ತೆ ಸಿಕ್ಕ ಮೇಲೆ ಮತ್ತೆ ತುಂಬಿಸಲೇಬೇಕು. ಇಷ್ಟಕ್ಕೆ ಒಂದೂಕಾಲು ಗಂಟೆ ಹಿಡೀತು.

ಹಗ್ಗ ಬಂದಿದ್ದು ಕೊನೆಗೆ. ಚಾಸಿಸ್‌ಗೆ ಕೂಡಿಸಿರೋ ಕೊಕ್ಕೆ ಹುಡುಕಿ ಅದಕ್ಕೇ ಕಟ್ಟಿದರು. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿದರು. ಅಷ್ಟರಲ್ಲಿ ಲೈನ್ ಮನೆಗಳ ಮಕ್ಕಳೆಲ್ಲ ತಮಾಷೆ ನೋಡೋಕೆ ಸೇರಿದ್ದರು, ನಮ್ಮವರು ಹಗ್ಗದ ಪಕ್ಕದಲ್ಲೇ ನಿಂತು ವಿಡಿಯೋ ಶುರು ಮಾಡಿದ್ದರು. ಜೀಪು ಸ್ಟಾರ್ಟ್ ಮಾಡಿದ ಅಣ್ಣ ಮತ್ತೆ ಆಫ್ ಮಾಡಿ ಕೆಳಗಿಳಿದರು.

“ನೀವು ದೂರ ಹೋಗ್ತೀರೋ, ನಾನು ಮನೆಗೆ ಹೋಗ್ಲೋ?”

ಅವರ ದನಿ ಏರಿದ್ದು ಆ ಒಂದು ಸಲ ಮಾತ್ರ. ಬಿಗಿಯಾದ ಹಗ್ಗ ಎಳೆದ ಕವಣೆ ಇದ್ದಂತೆ. ತುದಿಯ ಕಬ್ಬಿಣ ಕಿತ್ತರೆ ಅದು ಗುಂಡಿನಂತೆ ಹಾರುತ್ತೆ. ಟ್ರೈಲರ್ ಸಿಕ್ಕಿಸೋ ಟೋ ಬಾಲ್‌ಗೆ ಹಗ್ಗ ಕಟ್ಟಿ ಎಳೆದು, ಅದು ಮುರಿದು ಹಾರಿ ಆಸ್ಟ್ರೇಲಿಯಾದಲ್ಲಿ ಜನ ಸತ್ತಿದ್ದಾರೆ. ಗಾಡಿಯೊಳಗೆ ಕೂತಿದ್ದವರೂ ಉಳಿದಿಲ್ಲ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ, ಅದೂ ಎಳೆಯೋ ಸಾಲಿನಿಂದ ಪಕ್ಕಕ್ಕೆ ನಿಲ್ಲಬೇಕು ಅನ್ನೋದು ಬಲ್ಲವರ ಲೆಕ್ಕ. ಅಣ್ಣ ಮೀಟರ್ ಲೆಕ್ಕ ಹೇಳಲಿಲ್ಲ. ತೋಟದ ಬೇಲಿ ತೋರಿಸಿ, ಕೊನೆಯ ಮಗು ಅದರಾಚೆ ಹೋಗೋ ತನಕ ಕಾದರು.

ಎಳೆದದ್ದು ಬರೀ ಅರ್ಧ ನಿಮಿಷ. ಜೀಪು ಲೋ ಗೇರಲ್ಲಿ ಮೆಲ್ಲಗೆ ಸರೀತು, ಕೆಸರು ‘ಪಚಕ್’ ಅಂತು, ಗಾಡಿ ಹಿಂದಕ್ಕೆ ಎದ್ದು ಬಂತು. ಚಪ್ಪಾಳೆ, ಶಿಳ್ಳೆ, ಸೆಲ್ಫಿ. ಅಣ್ಣ 1500 ರೂಪಾಯಿ ಹೇಳಿದರು, ಕೊಟ್ಟೆವು. ಹೊರಡೋ ಮುಂಚೆ ತಮ್ಮ ಗುದ್ದಲಿ ನಮ್ಮ ಕೈಗಿಟ್ಟರು.

“ಹೊಂಡ ಮುಚ್ಚಿ ಹೋಗಿ. ಇದನ್ನ ಹೋಂಸ್ಟೇಲಿ ಕೊಡಿ, ನಾ ತಗೊಳ್ತೇನೆ. ಬೆಳಿಗ್ಗೆ ಶಾಲೆ ಮಕ್ಕಳ ಜೀಪು ಇದೇ ದಾರೀಲಿ ಬರ್ಬೇಕು.”

ತಿರುಗಿ ನೋಡಿದೆ. ನಮ್ಮ ಚಕ್ರ ತೋಡಿದ್ದ ಎರಡು ಗುಂಡಿ, ಒಂದೊಂದೂ ಮೊಣಕಾಲುದ್ದ. ಆಗಲೇ ನೀರು ತುಂಬ್ತಿತ್ತು. ನಾಳೆ ಒಂದು ಗಾಡಿ ಅದನ್ನು ತಪ್ಪಿಸೋಕೆ ಗದ್ದೆ ಬದುವಿಗೆ ಇಳಿಯುತ್ತೆ, ನಾಡಿದ್ದು ಇನ್ನೊಂದು. ನಮಗೆ ಅದು ಶನಿವಾರದ ಥ್ರಿಲ್. ಬೇಲಿಯಾಚೆ ನಿಂತಿದ್ದ ಆ ಮಕ್ಕಳಿಗೆ ಸೋಮವಾರವೂ ಇರೋದು ಅದೊಂದೇ ರಸ್ತೆ. ನಾಲ್ಕು ಜನ ಸೇರಿ ಕಲ್ಲು ಹೊತ್ತು, ಮಣ್ಣು ಎಳೆದು, ತುಳಿದು ಗಟ್ಟಿ ಮಾಡೋಕೆ ನಲವತ್ತು ನಿಮಿಷ ಆಯ್ತು. ಅದರ ವಿಡಿಯೋ ಯಾರೂ ಮಾಡಲಿಲ್ಲ.

ಈ ಮಳೆಗಾಲ ಘಟ್ಟದ ಕಡೆ ಹೊರಡೋರು ಹಗ್ಗದ ಜೊತೆ ಒಂದು ಗುದ್ದಲಿಯನ್ನೂ ಡಿಕ್ಕಿಗೆ ಹಾಕ್ಕೊಳ್ಳಿ. ಗಾಡಿ ಮೇಲೆ ಬಂತು ಅಂತ ಅದನ್ನ ವಾಪಸ್ ಒಳಗಿಡೋಕೆ ಅವಸರ ಮಾಡ್ಬೇಡಿ.